‘ಒತ್ತಡ ಇಲ್ಲಮ್ಮ, ಹೋದ ವಾರ ತಾನೇ ಚೆಕ್ ಮಾಡಿಸಿದೆ’

ಎಂ.ಎಸ್ಸಿ. ಮನಃಶಾಸ್ತ್ರದ ಮೊದಲ ವರ್ಷ ಸಂಶೋಧನಾ ವಿಧಾನಗಳ ಪೇಪರಿನಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ವಿಶ್ವಾಸಾರ್ಹತೆ (ಅಳತೆ ಸ್ಥಿರವಾಗಿರುವುದು), ಸಿಂಧುತ್ವ (ಅಳೆಯಬೇಕಾದದ್ದನ್ನೇ ಅಳೆಯುವುದು) ಇವುಗಳ ವ್ಯಾಖ್ಯೆ ಬಾಯಿಪಾಠವಾಗಿತ್ತು. ಅವು ಏನೆಂದು ಅರ್ಥವಾದದ್ದು ಮರುವರ್ಷ, ಪೀಣ್ಯದ ಒಂದು ವಠಾರದ ಜಗಲಿಯಲ್ಲಿ.

ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಂಗಸರ ಮಾನಸಿಕ ಒತ್ತಡ ನನ್ನ ಪ್ರಾಜೆಕ್ಟಿನ ವಿಷಯ. ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ, ಒತ್ತಡ ಅಳೆಯುವ ಪ್ರಶ್ನಾವಳಿಯ (ಮಾಪನಿಯ) 10 ಪ್ರಶ್ನೆಗಳ ರೂಪವನ್ನು ಆರಿಸಿಕೊಂಡೆ. ಕಳೆದ ಒಂದು ತಿಂಗಳಲ್ಲಿ ಹೀಗೆ ಎಷ್ಟು ಸಲ ಅನಿಸಿತು ಎಂದು ಕೇಳಿ 0ಯಿಂದ 4ರವರೆಗೆ ಅಂಕ ಹಾಕುವುದು. ಕನ್ನಡಕ್ಕೆ ನಾನೇ ತಂದೆ. ಮೂಲ ನೋಡಿರದ ಗೆಳತಿಯೊಬ್ಬಳು ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಿಕೊಟ್ಟಳು. ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಕ್ರಮ ಅದು. ಎರಡೂ ಚೆನ್ನಾಗಿ ಹೊಂದಿದವು. ಖುಷಿಯಿಂದ ಮೆಟ್ರೋ ಹತ್ತಿದೆ.

‘ಒತ್ತಡ ಅನಿಸಿತ್ತಾ ಅಕ್ಕ?’ ಎಂದಾಗ ಮೊದಲನೆಯವರೇ ಹೇಳಿದರು: ‘ಒತ್ತಡ ಇಲ್ಲಮ್ಮ, ಹೋದ ವಾರ ತಾನೇ ಚೆಕ್ ಮಾಡಿಸಿದೆ, ನಾರ್ಮಲ್ ಇದೆ.’ ಅವರ ಕಿವಿಗೆ ಬಿದ್ದದ್ದು ರಕ್ತದೊತ್ತಡ. ಗೆಳತಿಯೂ ನಾನೂ ಒಂದೇ ತರಗತಿಯವರು. ಇಬ್ಬರಿಗೂ ‘ಒತ್ತಡ’ ಅಂದರೆ ಪಠ್ಯದ ಒತ್ತಡವೇ. ಹಾಗಾಗಿ ತಿರುಗಿಸಿದ ಅನುವಾದದಲ್ಲಿ ತಪ್ಪು ಕಾಣಿಸಲೇ ಇಲ್ಲ.

ಅದಕ್ಕಿಂತ ದೊಡ್ಡ ತೊಡಕು ‘ಇಲ್ಲ’ದಲ್ಲಿತ್ತು. ‘ಮಾಡಬೇಕಾದ ಕೆಲಸವನ್ನೆಲ್ಲ ನಿಭಾಯಿಸೋಕೆ ಆಗಲಿಲ್ಲ ಅಂತ ಎಷ್ಟು ಸಲ ಅನಿಸಿತು?’ ಎಂದು ಓದಿದರೆ ಬರುವ ಉತ್ತರ ‘ಇಲ್ಲಮ್ಮ’. ಹಾಗೆ ಅನಿಸಲಿಲ್ಲ ಎಂದೋ, ಹೌದು ಆಗಲಿಲ್ಲ ಎಂದೋ? ಮೊದಲನೆಯದಾದರೆ 0, ಎರಡನೆಯದಾದರೆ 4 ಕೂಡ ಆಗಬಹುದು. ಅಂಥ ‘ಇಲ್ಲ’ಕ್ಕೆಲ್ಲ ನಾನು 0 ಹಾಕಿಕೊಂಡು ಬಂದಿದ್ದೆ. 30 ಜನರ ಉತ್ತರ ಸೇರಿಸಿ, ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕ್ರೋನ್‌ಬಾಕ್ ಆಲ್ಫಾ ತೆಗೆದರೆ ಸಾಕು ಎನ್ನಲು ವಾಡಿಕೆಯಲ್ಲಿರುವ 0.7ರ ಹತ್ತಿರಕ್ಕೂ ಬರಲಿಲ್ಲ. ಸಮಾಧಾನದ ಧಾಟಿಯ ನಾಲ್ಕು ಪ್ರಶ್ನೆಗಳ ಅಂಕ ತಿರುಗಿಸುವುದು (0 ಇದ್ದರೆ 4, 4 ಇದ್ದರೆ 0 ಮಾಡುವುದು) ಮರೆತಿರಬೇಕೆಂದು ಸಾಫ್ಟ್‌ವೇರಿನಲ್ಲಿ ಮೂರು ಸಲ ನೋಡಿದೆ. ತಿರುಗಿಸಿದ್ದೆ.

ಆ 30 ಹಾಳೆಗಳನ್ನು ಪಕ್ಕಕ್ಕಿಟ್ಟೆ. ಅವರಿಗೆ ಬಿಡುವಿರುವುದು ಭಾನುವಾರ ಮಾತ್ರ, ಅದೂ ಬಟ್ಟೆ ಒಗೆಯುವ, ನೀರು ಹಿಡಿಯುವ ನಡುವೆ. ಅಂಥ ಹೊತ್ತು ಕೊಟ್ಟವರನ್ನು ಮತ್ತೆ ಕೇಳುವುದು ನನಗೆ ತುಂಬ ಕಷ್ಟವಾಯಿತು. ಆದರೂ ಎಂಟು ಜನರ ಜೊತೆ ಕೂತೆ. ಈ ಸಲ ಉತ್ತರ ಬೇಡ ಎಂದೆ. ‘ಈ ಪ್ರಶ್ನೆ ಏನು ಕೇಳ್ತಿದೆ ಅಂತ ನಿಮ್ಮ ಮಾತಲ್ಲೇ ಹೇಳಿ ಅಕ್ಕ’ ಎಂದಷ್ಟೇ ಕೇಳಿದೆ. ‘ಒತ್ತಡ’ ಹೋಗಿ ‘ಟೆನ್ಷನ್’ ಬಂತು. ‘ಆಗಲಿಲ್ಲ’ ಇದ್ದದ್ದು ‘ಕೈಮೀರಿ ಹೋಯ್ತು’ ಆಯಿತು. ಆ ಮಾತು ಕೊಟ್ಟದ್ದು ಒಬ್ಬ ಟೈಲರ್ ಅಕ್ಕ. ‘ಆಗಾಗ’, ‘ಸಾಕಷ್ಟು ಸಲ’ಗಳ ಬದಲು ಖಾಲಿಯಿಂದ ತುಂಬಿದ್ದರವರೆಗೆ ಐದು ಲೋಟಗಳ ಚಿತ್ರ ಬರೆದೆ. ಅವರು ಬೆರಳಿಟ್ಟು ತೋರಿಸಿದರೆ ಸಾಕು.

ಹೊಸ ರೂಪವನ್ನು ಬೇರೆಯವರಿಗೆ ಕೊಟ್ಟು ಮತ್ತೆ ಆಲ್ಫಾ ತೆಗೆದಾಗ 0.7 ದಾಟಿತು. ಆದರೆ ಇಷ್ಟು ಬದಲಾದ ಮಾಪನಿಯ ಅಂಕವನ್ನು ಹೊರದೇಶದ ಸರಾಸರಿಯ ಪಕ್ಕ ಇಡುವುದು ಸರಿಯೆನಿಸಲಿಲ್ಲ. ಹೋಲಿಕೆಯ ಆ ಭಾಗವನ್ನೇ ವರದಿಯಿಂದ ತೆಗೆದೆ. ಅನುಬಂಧದಲ್ಲಿ ಕನ್ನಡದ ಎರಡೂ ರೂಪಗಳನ್ನು, ಒತ್ತಡದ್ದನ್ನೂ ಟೆನ್ಷನ್ನಿನದನ್ನೂ, ಅಕ್ಕಪಕ್ಕ ಅಚ್ಚುಮಾಡಿಸಿದ್ದೇನೆ.