ರಿಯೋಹಾ ರೆಡ್ ವೈನ್: ತುತ್ತಿಗೆ ಮುಂಚಿನ ಗುಟುಕು, ತುತ್ತಿನ ನಂತರದ ಗುಟುಕು

ಉತ್ತರ ಸ್ಪೇನಿನ ಎಬ್ರೊ ನದಿ ಕಣಿವೆಯ ರಿಯೋಹಾದಲ್ಲಿ ಕೆಂಪು ವೈನಿನ ಮುಖ್ಯ ದ್ರಾಕ್ಷಿ ಟೆಂಪ್ರಾನಿಯೊ. ಊಟದ ಜೊತೆ ಪರೀಕ್ಷಿಸಲು ನಾನು ಕ್ರಿಯಾಂಸ ಎಂಬ ದರ್ಜೆಯ ಬಾಟಲಿಯನ್ನೇ ಆರಿಸುತ್ತೇನೆ. ಅದಕ್ಕೆ ಕನಿಷ್ಠ 2 ವರ್ಷ ವಯಸ್ಸಾಗಿರಬೇಕು, ಅದರಲ್ಲಿ 1 ವರ್ಷ ಓಕ್ ಪೀಪಾಯಿಯಲ್ಲಿ ಕಳೆದಿರಬೇಕು. ಅದರ ಮೇಲಿನ ದರ್ಜೆಗಳಾದ ರೆಸೆರ್ವಾಕ್ಕೆ 3, ಗ್ರಾನ್ ರೆಸೆರ್ವಾಕ್ಕೆ 5 ವರ್ಷ. ಕ್ರಿಯಾಂಸದಲ್ಲಿ ಹಣ್ಣಿನ ರುಚಿ ಇನ್ನೂ ತಾಜಾ ಇರುತ್ತದೆ, ಮರದ ಘಮವೂ ಸೇರಿರುತ್ತದೆ. ಹಾಗಾಗಿ ಊಟದಿಂದ ಯಾವುದು ಬದಲಾಯಿತೆಂದು ಸುಲಭವಾಗಿ ಗೊತ್ತಾಗುತ್ತದೆ.

ಹೆಚ್ಚಿನವರು ತಪ್ಪುವುದು ಉಷ್ಣಾಂಶದಲ್ಲಿ. ರೆಡ್ ವೈನನ್ನು ಕೋಣೆಯ ಶಾಖದಲ್ಲೇ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಮನೆಗಳದ್ದು. ನಮ್ಮ 28 ಡಿಗ್ರಿಯಲ್ಲಿ ಆಲ್ಕೋಹಾಲೇ ಮುಂದಾಗಿ ಮೂಗಿಗೆ ಹೊಡೆಯುತ್ತದೆ. ನಾನು ಬಾಟಲಿಯನ್ನು ಸುಮಾರು ಒಂದೂವರೆ ಗಂಟೆ ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಗೆ ತರುತ್ತೇನೆ. ಅದಕ್ಕಿಂತ ತಣ್ಣಗಾದರೆ ಘಮ ಮುದುಡುತ್ತದೆ, ಒಗರು ಗಡುಸಾಗುತ್ತದೆ.

ಲೋಟಕ್ಕೆ 75 ಮಿ.ಲೀ. ಸಾಕು. ಬಿಳಿ ಕಾಗದದ ಮೇಲೆ ಓರೆ ಹಿಡಿದು ವೈನಿನ ಅಂಚು ನೋಡುತ್ತೇನೆ: ನೇರಳೆ ಛಾಯೆಯಿದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಹಳೆಯದು. ಮೊದಲು ಅಲ್ಲಾಡಿಸದೆ ಮೂಸಬೇಕು. ನೆನೆದ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ವೈನ್ ಕೆಟ್ಟಿದೆ. ಎಷ್ಟು ಹೊತ್ತು ಗಾಳಿಗಿಟ್ಟರೂ ಸರಿಹೋಗದು. ಚೆನ್ನಾಗಿದ್ದರೆ ತಿರುಗಿಸಿ ಮತ್ತೆ ಮೂಸಿ: ಚೆರ್ರಿ, ಪ್ಲಮ್, ಅಮೆರಿಕನ್ ಓಕ್ ಬಳಸಿದ್ದರೆ ವೆನಿಲಾ, ಕೊಬ್ಬರಿ.

ಗುಟುಕನ್ನು ಬಾಯಲ್ಲಿ 5 ಸೆಕೆಂಡು ಆಡಿಸಿ. ನಾಲಿಗೆಯ ಅಂಚಿನಲ್ಲಿ ಜೊಲ್ಲು ಒಸರಿದರೆ ಅದು ಹುಳಿಯ ಕೆಲಸ. ಗೇರುಹಣ್ಣು ಕಚ್ಚಿದಾಗಿನಂತೆ ಒಸಡು ಒಣಗಿದರೆ ಅದು ಟ್ಯಾನಿನ್, ನಮ್ಮ ಒಗರು. ಊಟದ ಜೊತೆ ಹೊಂದುತ್ತದೋ ಇಲ್ಲವೋ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಈ ಎರಡೇ.

ಹಾಗಾಗಿ ನನ್ನ ಕ್ರಮ ಹೀಗೆ: ಒಂದು ಗುಟುಕು, ಒಂದು ತುತ್ತು, ಮತ್ತೆ ಗುಟುಕು. ಎರಡನೆಯ ಗುಟುಕು ಮೊದಲಿನದಕ್ಕಿಂತ ಮೃದುವಾದರೆ ಜೋಡಿ ಗೆದ್ದಿತು. ರಿಯೋಹಾದಲ್ಲಿ ದ್ರಾಕ್ಷಿಬಳ್ಳಿಯ ಒಣ ಕಡ್ಡಿಯ ಕೆಂಡದ ಮೇಲೆ ಕುರಿಮರಿಯ ಚಾಪ್ಸ್ ಸುಡುತ್ತಾರೆ. ಮಾಂಸದ ಪ್ರೋಟೀನು ಟ್ಯಾನಿನ್ನಿಗೆ ಅಂಟಿಕೊಂಡು ಒಗರನ್ನು ಇಳಿಸುತ್ತದೆ, ಉಪ್ಪು ಹಣ್ಣಿನ ರುಚಿಯನ್ನು ಎತ್ತುತ್ತದೆ.

ಮನೆಯಲ್ಲಿ ಸುಲಭವಾದದ್ದು ಪತಾತಾಸ್ ಅ ಲಾ ರಿಯೋಹಾನಾ, ಅಂದರೆ ರಿಯೋಹಾ ಶೈಲಿಯ ಆಲೂಗಡ್ಡೆ ಸಾರು. ಇಬ್ಬರಿಗೆ 500 ಗ್ರಾಂ ಆಲೂಗಡ್ಡೆ, 150 ಗ್ರಾಂ ಚೊರಿಸೊ ಸಾಸೇಜು, ಒಂದು ಈರುಳ್ಳಿ, 2 ಎಸಳು ಬೆಳ್ಳುಳ್ಳಿ, ಒಂದು ಪಲಾವ್ ಎಲೆ, 1 ಚಮಚ ಖಾರವಿಲ್ಲದ ಹೊಗೆಯಾಡಿಸಿದ ಮೆಣಸಿನಪುಡಿ. ಆಲೂಗಡ್ಡೆಯನ್ನು ಪೂರ್ತಿ ಕತ್ತರಿಸದೆ, ಅರ್ಧ ಚಾಕು ಇಳಿಸಿ ಮುರಿಯಬೇಕು. ಮುರಿದ ಮುಖದಿಂದ ಪಿಷ್ಟ ಬಿಟ್ಟು ಸಾರು ಗಟ್ಟಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಚೊರಿಸೊ ಬಾಡಿದ ಮೇಲೆ ಉರಿ ಆರಿಸಿಯೇ ಮೆಣಸಿನಪುಡಿ ಹಾಕಿ. ಸೀದರೆ ಕಹಿಯಾಗುತ್ತದೆ, ಆ ಕಹಿ ವೈನಿನ ಒಗರನ್ನು ಇಮ್ಮಡಿಸುತ್ತದೆ. ಆಲೂಗಡ್ಡೆ, ಪಲಾವ್ ಎಲೆ ಸೇರಿಸಿ, ಮುಳುಗುವಷ್ಟು ನೀರು ಹಾಕಿ 30 ನಿಮಿಷ ಬೇಯಿಸಿ.

ಇದೇ ಬಾಟಲಿಯನ್ನು ಬ್ಯಾಡಗಿ, ಗುಂಟೂರು ಬೆರೆಸಿದ ಖಾರದ ಸಾರಿನ ಜೊತೆ ತೆರೆಯಬೇಡಿ. ಆಲ್ಕೋಹಾಲು ಖಾರವನ್ನು ಕೆರಳಿಸುತ್ತದೆ, ಹಣ್ಣಿನ ರುಚಿ ಪೂರ್ತಿ ಅಡಗುತ್ತದೆ. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನಿನ ಜೊತೆ ಬಾಯಲ್ಲಿ ಕಬ್ಬಿಣದ ರುಚಿ ಉಳಿಯುತ್ತದೆ. ಚೀಸ್ ಬೇಕಿದ್ದರೆ ಕುರಿಹಾಲಿನ ಮಾಂಚೇಗೊ ಸರಿ. ಫ್ರಿಜ್ಜಿನಿಂದ ಅರ್ಧ ಗಂಟೆ ಮುಂಚೆ ತೆಗೆದಿಡಿ.