ಒಬ್ಬರು ನೀರೊಳಗೆ, ಒಬ್ಬರು ದಡದಲ್ಲಿ: ಇಬ್ಬರಿಗೂ ಹೊಂದುವ ಡೈವ್ ಪ್ರವಾಸ ಆರಿಸುವುದು ಹೇಗೆ

ಸಿಲಿಂಡರ್ ಕಟ್ಟಿಕೊಂಡು ಕಡಲಡಿ ಮುಳುಗುವ ಡೈವರ್‌ಗಳು ಪ್ರವಾಸ ಗೊತ್ತುಮಾಡುವ ಕ್ರಮವೇ ಹೆಚ್ಚಾಗಿ ತಲೆಕೆಳಗು. ಮಂಟಾ ಎಂಬ ದೈತ್ಯ ತೊರಕೆ ಮೀನು ಎಲ್ಲಿ ಸಿಗುತ್ತದೆ, ಮುಳುಗಿದ ಹಡಗು ಎಲ್ಲಿದೆ ಎಂದು ನೋಡಿ ಮೊದಲು ಊರು ಆರಿಸುತ್ತಾರೆ. ಆಮೇಲೆ ‘ಬೀಚ್ ಇದೆ, ಸ್ಪಾ ಇದೆ, ನಿನಗೂ ಹೊತ್ತು ಹೋಗುತ್ತೆ’ ಎಂದು ಸಂಗಾತಿಯನ್ನು ಒಪ್ಪಿಸುತ್ತಾರೆ. ಮೂರನೆಯ ದಿನದ ಹೊತ್ತಿಗೆ ಬೀಚೂ ಮುಗಿದಿರುತ್ತದೆ, ಸ್ಪಾನೂ ಮುಗಿದಿರುತ್ತದೆ. ಈ ಕ್ರಮ ತಿರುಗಿಸಿ. ದಡದಲ್ಲಿ ಉಳಿಯುವವರ ದಿನ ತುಂಬುವಂಥ ನಾಲ್ಕೈದು ಜಾಗ ಮೊದಲು ಬರೆದುಕೊಳ್ಳಿ, ಅವುಗಳಲ್ಲಿ ಡೈವಿಂಗ್ ಚೆನ್ನಾಗಿರುವುದನ್ನು ಉಳಿಸಿಕೊಳ್ಳಿ. ಸಾಧಾರಣ ರೀಫ್‌ನಲ್ಲೂ (ನೀರಡಿಯ ಹವಳದ ದಿಬ್ಬ) ಡೈವರ್‌ಗೆ ಮುಕ್ಕಾಲು ಗಂಟೆ ಖುಷಿಯಾಗಿ ಕಳೆಯುತ್ತದೆ. ಸಾಧಾರಣ ಊರಲ್ಲಿ ಒಬ್ಬರೇ ಆರು ಗಂಟೆ ಕಳೆಯುವ ಕಷ್ಟ ಬೇರೆ.

ಮೊದಲು ಗಂಟೆ ಎಣಿಸಿ

‘ಬೆಳಗ್ಗೆ ಎರಡೇ ಡೈವ್’ ಎನ್ನುವ ಮಾತನ್ನು ಗಡಿಯಾರಕ್ಕೆ ಹಿಡಿದು ನೋಡಿ. ಏಳೂವರೆಗೆ ಡೈವ್ ಸೆಂಟರ್ ತಲುಪಬೇಕು. ಸಾಮಾನು ಜೋಡಿಸಿ ಬೋಟು ಹೊರಡುವಾಗ ಎಂಟೂವರೆ. ತಲಾ 45 ನಿಮಿಷದ ಎರಡು ಡೈವ್, ನಡುವೆ ಸುಮಾರು ಒಂದು ಗಂಟೆ ಮೇಲೆ ವಿರಾಮ, ಹೋಗಿ ಬರುವ ದಾರಿ, ಉಪ್ಪುನೀರಿನ ಸಾಮಾನು ತೊಳೆಯುವ ಕೆಲಸ. ಎಲ್ಲ ಮುಗಿದಾಗ ಮಧ್ಯಾಹ್ನ ಒಂದು. ನೀರಿನಡಿ ಇದ್ದದ್ದು ಒಂದೂವರೆ ಗಂಟೆ, ಕಾಣೆಯಾಗಿದ್ದು ಐದೂವರೆ ಗಂಟೆ. ಇಷ್ಟರ ಮೇಲೆ ಊಟ ಮಾಡಿದ ಡೈವರ್ ನಾಲ್ಕರವರೆಗೆ ಗೊರಕೆ ಹೊಡೆಯುತ್ತಾರೆ, ಆ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ. ಸಂಜೆಗೊಂದು ನೈಟ್ ಡೈವ್ ಇಟ್ಟುಕೊಂಡರೆ ಜೊತೆಯಲ್ಲಿ ಕೂತು ಊಟ ಮಾಡುವುದೂ ತಪ್ಪುತ್ತದೆ.

ಏಳು ರಾತ್ರಿಯ ಪ್ರವಾಸದಲ್ಲಿ ಬರುವ ದಿನ, ಹೊರಡುವ ದಿನ, ಅದರ ಹಿಂದಿನ ದಿನ ಬಿಟ್ಟರೆ ಡೈವಿಂಗ್‌ಗೆ ಐದು ದಿನ ಸಿಗುತ್ತದೆ. ಅದರಲ್ಲಿ ನಾಲ್ಕು ಬೆಳಗು, ಒಟ್ಟು ಎಂಟು ಡೈವ್, ಇಬ್ಬರಿಗೂ ಹಿತವಾದ ಅಳತೆ. ಒಂದು ನೈಟ್ ಡೈವ್ ಬೇಕೇ ಬೇಕೆಂದರೆ ಆ ದಿನ ಬೆಳಗ್ಗೆ ರಜೆ ಹಾಕಿ. ಎಂಟು ಡೈವ್ ಸಾಲದು, ಇಪ್ಪತ್ತು ಬೇಕು ಎನ್ನುವವರು ಅದನ್ನು ಬೇರೆಯೇ ಪ್ರವಾಸವಾಗಿ ಒಬ್ಬರೇ ಮಾಡುವುದು ಒಳ್ಳೆಯದು. ಎರಡನ್ನೂ ಒಂದರಲ್ಲೇ ತುರುಕಿದರೆ ಎರಡೂ ಕೆಡುತ್ತವೆ.

ಲಿವ್‌ಅಬೋರ್ಡ್ ಬೋಟುಗಳನ್ನು ಇಲ್ಲಿಗೇ ಬಿಟ್ಟುಬಿಡಿ. ದಿನಕ್ಕೆ ಮೂರು ನಾಲ್ಕು ಡೈವ್, ಊಟ-ನಿದ್ರೆ-ಮಾತು ಎಲ್ಲ ಅದರ ಸುತ್ತಲೇ. ದಡ ಮುಟ್ಟದೆ ವಾರ ಕಳೆಯಬೇಕಾದ ಅಲ್ಲಿ ಡೈವ್ ಮಾಡದವರಿಗೆ ಒಂದು ಡೆಕ್ಕು, ಒಂದು ಪುಸ್ತಕ ಅಷ್ಟೇ. ಕೋಸ್ಟರಿಕಾದ ಕೋಕೋಸ್ ದ್ವೀಪ, ಗ್ಯಾಲಪಗೋಸ್‌ನ ವುಲ್ಫ್ ಮತ್ತು ಡಾರ್ವಿನ್ ದ್ವೀಪಗಳಿಗೆ ಬೇರೆ ದಾರಿಯೇ ಇಲ್ಲ. ಆದರೆ ಗ್ಯಾಲಪಗೋಸ್‌ನಲ್ಲೇ ಸಾಂತಾಕ್ರೂಸ್ ದ್ವೀಪದಲ್ಲಿ ತಂಗಿದರೆ ಕಥೆ ಬದಲಾಗುತ್ತದೆ. ಡೈವರ್ ದಿನದ ಬೋಟಿನಲ್ಲಿ ಗೋರ್ಡನ್ ರಾಕ್ಸ್‌ಗೆ ಹೋಗಿ ಬರಬಹುದು (ಸೆಳೆತ ಜೋರು, ಅನುಭವಿಗಳಿಗೆ ಮಾತ್ರ). ಸಂಗಾತಿಗೆ ದಡದ ಮೇಲೆಯೇ ದೈತ್ಯ ಆಮೆಗಳು, ಇಗ್ವಾನಾಗಳು, ಕಡಲಸಿಂಹಗಳು.

ಬೋಟೇ, ದಡವೇ?

ದಡದಿಂದಲೇ ನೀರಿಗಿಳಿಯುವ ಡೈವಿಂಗ್ ಇರುವ ಕಡೆ ಆ ಐದೂವರೆ ಗಂಟೆ ಎರಡಕ್ಕೆ ಇಳಿಯುತ್ತದೆ. ಕೆರಿಬಿಯನ್‌ನ ಬೊನೈರ್ ಇದಕ್ಕೆ ಹೆಸರುವಾಸಿ. ರಸ್ತೆ ಬದಿಯಲ್ಲಿ ಹಳದಿ ಬಣ್ಣದ ಕಲ್ಲುಗಳು ಡೈವ್ ಜಾಗಗಳ ಹೆಸರು ಹೇಳುತ್ತವೆ. ಬಾಡಿಗೆ ಪಿಕಪ್‌ನಲ್ಲಿ ಸಿಲಿಂಡರ್ ಹಾಕಿಕೊಂಡು ಬೇಕಾದ ಹೊತ್ತಿಗೆ ಹೋಗಬಹುದು. ಸಂಗಾತಿ ಮಲಗಿ ಏಳುವಷ್ಟರಲ್ಲಿ ಒಂದು ಡೈವ್ ಮುಗಿಸಿ ಬಂದಿರಬಹುದು, ಜೊತೆಗೊಬ್ಬ ಬಡ್ಡಿ (ಜೋಡಿಯಾಗಿ ಡೈವ್ ಮಾಡುವ ಸಂಗಡಿಗ) ಸಿಕ್ಕರೆ. ಈ ಬಡ್ಡಿಯ ಮಾತನ್ನು ಹಲವರು ಮರೆಯುತ್ತಾರೆ: ನಿಮ್ಮ ಸಂಗಾತಿ ಡೈವ್ ಮಾಡುವುದಿಲ್ಲ ಎಂದರೆ ನೀವು ಒಬ್ಬರೇ. ದಡದ ಡೈವಿಂಗ್‌ಗೆ ಗೈಡ್ ಸಿಗುತ್ತಾರೆಯೇ ಎಂದು ಮುಂಚೆಯೇ ಕೇಳಿಟ್ಟುಕೊಳ್ಳಿ.

ಬೊನೈರ್‌ಗೂ ಒಂದು ಕೊರತೆ ಇದೆ. ಕಡಲ ಅಂಚು ಬಹುಪಾಲು ಚೂಪು ಕಲ್ಲು, ಸತ್ತ ಹವಳದ ಚೂರು. ಮರಳಿನ ಬೀಚ್ ಕಡಿಮೆ. ಮರಳಿನ ಮೇಲೆ ಕಾಲು ಚಾಚುವುದೇ ರಜೆ ಎನ್ನುವವರಿಗೆ ಪಕ್ಕದ ಕ್ಯೂರಸಾವ್ ವಾಸಿ. ಅಲ್ಲಿ ಮರಳಿನ ಪುಟ್ಟ ಕೊಲ್ಲಿಗಳಿಂದಲೇ ಡೈವ್ ಶುರುವಾಗುತ್ತದೆ. ಸುತ್ತಾಡಲು ಯುನೆಸ್ಕೋ ಪಟ್ಟಿಯಲ್ಲಿರುವ ವಿಲ್ಲೆಮ್‌ಸ್ಟಾಡ್ ಎಂಬ ಹಳೆಯ ಪಟ್ಟಣವೂ ಇದೆ.

ಬಾಲಿಯ ತುಲಂಬೆನ್‌ನಲ್ಲಿ ಇದೇ ತಕರಾರು ಇನ್ನೂ ಜೋರು. 1942ರಲ್ಲಿ ಟಾರ್ಪಿಡೋ ಏಟು ತಿಂದು ದಡ ಸೇರಿ, 1963ರ ಆಗುಂಗ್ ಜ್ವಾಲಾಮುಖಿ ಸ್ಫೋಟದಲ್ಲಿ ಮತ್ತೆ ಕಡಲಿಗೆ ಜಾರಿದ ಲಿಬರ್ಟಿ ಹಡಗು ಅಲ್ಲಿ ದಡದಿಂದ ಕೂಗಳತೆಯ ದೂರದಲ್ಲಿದೆ. ಡೈವರ್‌ಗೆ ಸ್ವರ್ಗ. ಬೀಚ್ ಮಾತ್ರ ಪೂರ್ತಿ ಕಪ್ಪು ಉರುಟು ಕಲ್ಲು, ಮಧ್ಯಾಹ್ನಕ್ಕೆ ಹೆಂಚಿನಂತೆ ಕಾಯುತ್ತದೆ. ಇಂಥ ಊರಲ್ಲಿ ವಾರ ತಂಗಬೇಡಿ. ಎರಡು ರಾತ್ರಿ ಅಲ್ಲಿ, ಉಳಿದದ್ದು ಉಬುದ್‌ನಂಥ ಕಡೆ ಎಂದು ಹಂಚಿ. ಎರಡೆರಡು ಕಡೆ ವಾಸ್ತವ್ಯ ಎಂದರೆ ಗಂಟುಮೂಟೆ ಕಟ್ಟುವ ರಗಳೆ ನಿಜ, ಆದರೂ ಒಬ್ಬರ ಬೇಸರಕ್ಕಿಂತ ಅದು ಹಗುರ.

ಸ್ನಾರ್ಕೆಲಿಂಗ್ ಎಂಬ ಭರವಸೆ

‘ನೀನು ಮೇಲೆ ಸ್ನಾರ್ಕೆಲ್ ಮಾಡು, ನಾನು ಕೆಳಗೆ ಡೈವ್ ಮಾಡ್ತೀನಿ.’ ಸ್ನಾರ್ಕೆಲ್ ಎಂದರೆ ಮಾಸ್ಕ್ ಹಾಕಿ, ಕೊಳವೆಯಿಂದ ಉಸಿರಾಡುತ್ತ ನೀರ ಮೇಲೆ ತೇಲಿ ಕೆಳಗೆ ನೋಡುವುದು. ಮಾತು ಕೇಳಲು ಚೆಂದ, ಆದರೆ ಬಹಳಷ್ಟು ಡೈವ್ ಜಾಗಗಳಲ್ಲಿ ಇದು ನಡೆಯುವುದಿಲ್ಲ. ರೀಫ್‌ನ ಮೇಲ್ಭಾಗವೇ 15 ಮೀಟರ್ ಆಳದಲ್ಲಿದ್ದರೆ ಮೇಲೆ ತೇಲುವವರಿಗೆ ಕಾಣುವುದು ನೀಲಿ ಮತ್ತು ಡೈವರ್‌ಗಳು ಬಿಡುವ ಗುಳ್ಳೆ. ಸ್ನಾರ್ಕೆಲ್‌ಗೆ ಬೇಕಾದದ್ದು ಒಂದರಿಂದ ಐದು ಮೀಟರ್ ಆಳದಲ್ಲಿ ಜೀವಂತ ಹವಳ, ಕಡಿಮೆ ಸೆಳೆತ, ಅಲೆ ಒಡೆಯದ ಬದಿ. ಮೆಕ್ಸಿಕೋದ ಕೊಝುಮೆಲ್‌ನಂಥ ಕಡೆ ಡೈವಿಂಗ್ ಎಂದರೆ ಸೆಳೆತದ ಜೊತೆ ತೇಲಿಹೋಗುವುದು. ಬೋಟು ಗುಳ್ಳೆಗಳ ಹಿಂದೆ ಹೋಗುತ್ತದೆ. ಅಲ್ಲಿ ಸ್ನಾರ್ಕೆಲ್‌ಗೆ ಬೇರೆ ಬೋಟು, ಬೇರೆ ಜಾಗ.

ಇಬ್ಬರಿಗೂ ಒಂದೇ ನೋಟ ಸಿಗಬೇಕೆಂದರೆ ಹೋಟೆಲಿನ ಮುಂದೆಯೇ ಇರುವ ಹೌಸ್ ರೀಫ್ ನೋಡಿ. ಆದರೆ ‘ಹೌಸ್ ರೀಫ್ ಇದೆ’ ಎಂಬ ಒಂದು ಸಾಲಿಗೆ ಮರುಳಾಗಬೇಡಿ. ಉಪಗ್ರಹ ನಕ್ಷೆ ತೆರೆದು ಮರಳಿನಿಂದ ತಿಳಿನೀಲಿ ಮುಗಿದು ಕಡುನೀಲಿ ಶುರುವಾಗುವ ಗೆರೆಯವರೆಗೆ ದೂರ ಅಳೆಯಿರಿ. 30ರಿಂದ 50 ಮೀಟರ್ ಇದ್ದರೆ ಯಾರು ಬೇಕಾದರೂ ಹೋಗಿ ಬರಬಹುದು. 200 ಮೀಟರ್ ದಾಟಿದರೆ ಹೊಸಬರಿಗೆ ಅದು ಈಜಿನ ಪರೀಕ್ಷೆ. ನೀರು ಇಳಿದ ಹೊತ್ತಿನಲ್ಲಿ ರೀಫ್‌ನ ಮೇಲೆ ಮೊಣಕಾಲುದ್ದವೂ ನೀರಿಲ್ಲದೆ ದಾಟಲು ಆಗದಿರಬಹುದು. ಜೆಟ್ಟಿಯ ತುದಿಯಿಂದ ಏಣಿಯಲ್ಲಿ ನೇರ ಆಳಕ್ಕೆ ಇಳಿಯುವ ವ್ಯವಸ್ಥೆ, ಇಲ್ಲವೇ ಹವಳದ ನಡುವೆ ಗುರುತು ಹಾಕಿದ ದಾರಿ ಇದ್ದರೆ ಆ ತೊಂದರೆ ಇಲ್ಲ.

ಕೆಲವು ಕಡೆ ಡೈವರ್‌ಗಿಂತ ಸ್ನಾರ್ಕೆಲ್‌ನವರದೇ ಮೇಲುಗೈ. ಮಾಲ್ಡೀವ್ಸ್‌ನ ಬಾ ಅಟಾಲ್‌ನಲ್ಲಿರುವ ಹನಿಫಾರು ಕೊಲ್ಲಿಯಲ್ಲಿ ಮಂಟಾಗಳ ಹಿಂಡು ಸೇರುತ್ತದೆ; ಅಲ್ಲಿ ಸಿಲಿಂಡರ್ ಹಾಕಿ ಇಳಿಯುವಂತೆಯೇ ಇಲ್ಲ. ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಪಲಾವ್‌ನ ಜೆಲ್ಲಿಫಿಶ್ ಕೆರೆಯಲ್ಲೂ ಅದೇ ನಿಯಮ. ಹವಾಯಿಯ ಕೋನಾದಲ್ಲಿ ರಾತ್ರಿ ಮಂಟಾ ನೋಡುವಾಗ ಡೈವರ್‌ಗಳು ತಳದಲ್ಲಿ ದೀಪ ಹಿಡಿದು ಕೂರುತ್ತಾರೆ, ಸ್ನಾರ್ಕೆಲ್‌ನವರು ದೀಪ ಕಟ್ಟಿದ ಹಲಗೆ ಹಿಡಿದು ಮೇಲೆ ತೇಲುತ್ತಾರೆ. ಬೆಳಕಿಗೆ ಬರುವ ಪ್ಲಾಂಕ್ಟನ್ ಎಂಬ ಸಣ್ಣ ಜೀವಿಗಳನ್ನು ತಿನ್ನಲು ಮಂಟಾ ಇಬ್ಬರ ನಡುವೆ ಪಲ್ಟಿ ಹೊಡೆಯುತ್ತದೆ. ರಾತ್ರಿ ಊಟಕ್ಕೆ ಕೂತಾಗ ಇಬ್ಬರ ಬಳಿಯೂ ಒಂದೇ ಕಥೆ ಇರುವಂಥ ಇಂತಹ ಒಂದು ದಿನವನ್ನಾದರೂ ಪ್ರವಾಸದಲ್ಲಿ ಸೇರಿಸಿ.

ಸಂಗಾತಿಗೆ ಬಾಡಿಗೆ ಮಾಸ್ಕ್ ಬೇಡ, ಸ್ವಂತದ್ದು ಕೊಡಿಸಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದು ಕೈಬಿಟ್ಟಾಗ ಅದು ಬೀಳದೆ ನಿಂತರೆ ಸರಿ. ಕನ್ನಡಕ ಹಾಕುವವರಿಗೆ ಪವರ್ ಇರುವ ಗಾಜು ಸಿಗುತ್ತದೆ. ಈಜು ಅಷ್ಟಕ್ಕಷ್ಟೇ ಇದ್ದರೆ ಊದುವ ಸ್ನಾರ್ಕೆಲ್ ವೆಸ್ಟ್, ಬೆನ್ನು ಸುಡದಂತೆ ಉದ್ದ ತೋಳಿನ ರ‍್ಯಾಶ್‌ಗಾರ್ಡ್. ಹೃದಯದ ಅಥವಾ ಬಿಪಿ ತೊಂದರೆ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು. ಸ್ನಾರ್ಕೆಲ್ ಸುಲಭ ಅನಿಸಿದರೂ ಹೃದಯಕ್ಕೆ ಅದು ಶ್ರಮವೇ. ಒಬ್ಬರೇ ಹೋಗುವುದಂತೂ ಬೇಡ.

ಬೆಟ್ಟ ಮೊದಲು, ಕಡಲು ಆಮೇಲೆ

ಯೋಜನೆ ಹಳಿ ತಪ್ಪುವುದು ಹೆಚ್ಚಾಗಿ ಇಲ್ಲಿ. ಡೈವ್ ಮಾಡಿದ ಮೇಲೆ ದೇಹದಲ್ಲಿ ಹೆಚ್ಚುವರಿ ಸಾರಜನಕ ಉಳಿದಿರುತ್ತದೆ. ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಕುಸಿದು ಅದು ಗುಳ್ಳೆಯಾಗಿ ಡಿಕಂಪ್ರೆಶನ್ ಕಾಯಿಲೆ ತರಬಹುದು. ವಿಮಾನಕ್ಕೆ ಮೊದಲು ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆಗಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು ಎಂದು ಡೈವರ್‌ಗಳ ಸುರಕ್ಷತೆಗಾಗಿ ಇರುವ ಡ್ಯಾನ್ (ಡೈವರ್ಸ್ ಅಲರ್ಟ್ ನೆಟ್‌ವರ್ಕ್) ಸಂಸ್ಥೆಯ ಮಾರ್ಗಸೂಚಿ. ಡಿಕಂಪ್ರೆಶನ್ ಸ್ಟಾಪ್ (ಮೇಲೆ ಬರುವಾಗ ನಡುವೆ ಕಡ್ಡಾಯವಾಗಿ ನಿಲ್ಲುವುದು) ಬೇಕಾದ ಡೈವ್‌ಗೆ ಇನ್ನೂ ಹೆಚ್ಚು. 24 ಗಂಟೆ ಎಂದು ಇಟ್ಟುಕೊಂಡರೆ ಲೆಕ್ಕವೂ ಸುಲಭ. ಇದು ಬರೀ ವಿಮಾನದ ಮಾತಲ್ಲ. ಈ ಮಾರ್ಗಸೂಚಿ 600 ಮೀಟರ್ ಎತ್ತರದಿಂದಲೇ ಲೆಕ್ಕಕ್ಕೆ ಬರುತ್ತದೆ. ಹೆಲಿಕಾಪ್ಟರ್ ಸವಾರಿ, ರೋಪ್‌ವೇ, ಘಾಟಿ ರಸ್ತೆ ಎಲ್ಲವೂ ಇದರೊಳಗೇ.

ಕೆಂಪು ಸಮುದ್ರದ ದಹಬ್‌ನಲ್ಲಿ ತಂಗಿದವರು ಮಧ್ಯದಲ್ಲೊಂದು ದಿನ ಸಿನಾಯ್ ಬೆಟ್ಟಕ್ಕೆ ಹೋಗೋಣ ಎಂದುಕೊಳ್ಳುತ್ತಾರೆ. ಅದರ ಎತ್ತರ 2,285 ಮೀಟರ್. ಹವಾಯಿಯ ಮಾವಿ ದ್ವೀಪದ ಹಲೆಯಾಕಲಾ ಶಿಖರ 3,055 ಮೀಟರ್. ಬಾಲಿಯ ಕಿಂತಾಮಣಿ ಸುಮಾರು 1,500 ಮೀಟರ್. ಸಂಗಾತಿ ಆಸೆಪಟ್ಟ ಒಂದೇ ಒಂದು ಸೂರ್ಯೋದಯಕ್ಕೆ ‘ನಿನ್ನೆ ಡೈವ್ ಮಾಡಿದ್ದೆ, ಬರೋಕಾಗಲ್ಲ’ ಎನ್ನುವ ಪರಿಸ್ಥಿತಿ ತಂದುಕೊಳ್ಳಬೇಡಿ. ಬೆಟ್ಟದ ಕಾರ್ಯಕ್ರಮವೆಲ್ಲ ಪ್ರವಾಸದ ಮೊದಲ ದಿನಗಳಿಗೆ ಹಾಕಿ, ಕೆಳಗಿಳಿದ ಮೇಲೆ ಡೈವಿಂಗ್ ಶುರುಮಾಡಿ. ಬೊನೈರ್‌ನ ಅತಿ ಎತ್ತರದ ಗುಡ್ಡವೇ 241 ಮೀಟರ್. ಅಲ್ಲಿ ಈ ತಲೆಬಿಸಿ ಇಲ್ಲ.

ಕೊನೆಯ 24 ಗಂಟೆ ಡೈವರ್‌ಗೆ ಹೇಗೂ ನೀರಿಲ್ಲ. ಆ ದಿನ ಸಂಗಾತಿಯದು ಎಂದು ಮೊದಲೇ ಬರೆದಿಡಿ: ಪಟ್ಟಣ, ಹಳೆಯ ಕೋಟೆ, ಮಾರುಕಟ್ಟೆ, ಕಡಲಮಟ್ಟದಲ್ಲಿರುವ ಏನಾದರೂ. ಮಾಲ್ಟಾದ ಗೋಝೋದಲ್ಲಿ ಇದು ಹೊಂದಿಕೊಳ್ಳುತ್ತದೆ. ಡೈವರ್‌ಗೆ ದ್ವೇಯ್ರಾದ ಬ್ಲೂ ಹೋಲ್, ಇಬ್ಬರಿಗೂ ಐದು ಸಾವಿರ ವರ್ಷಕ್ಕೂ ಹಳೆಯ ಜ್ಗಂತಿಯಾ ದೇವಾಲಯ; ದ್ವೀಪ ಚಿಕ್ಕದು, ಎಲ್ಲಿಗೂ ದೂರವಿಲ್ಲ. (ಹಳೆಯ ಚಿತ್ರಗಳಲ್ಲಿ ಕಾಣುವ ಆಝೂರ್ ವಿಂಡೋ ಎಂಬ ಕಲ್ಲಿನ ಕಮಾನು 2017ರಲ್ಲಿ ಕುಸಿದುಬಿತ್ತು.)

ಜೋಡಿ ಮಸಾಜ್ ಗೊತ್ತುಮಾಡುವಾಗಲೂ ಒಂದು ಎಚ್ಚರ. ಡೈವ್ ಮಾಡಿದ ದಿನ ಜೋರಾಗಿ ಒತ್ತುವ ಮಸಾಜ್ ಬೇಡ. ಮಾರನೆಯ ದಿನ ಮೈಕೈ ನೋವು ಬಂದರೆ ಅದು ಮಸಾಜಿನದೋ ಡಿಕಂಪ್ರೆಶನ್ ಕಾಯಿಲೆಯದೋ ಗೊತ್ತಾಗುವುದಿಲ್ಲ.

ಋತು, ಬೋಟು, ಪ್ರಶ್ನೆಗಳು

ನೀರೊಳಗಿನ ಋತುವೂ ದಡದ ಋತುವೂ ಒಂದೇ ಆಗಿರಬೇಕೆಂದಿಲ್ಲ. ಹನಿಫಾರುವಿನ ಮಂಟಾ ಕಾಲ ಜೂನ್‌ನಿಂದ ನವೆಂಬರ್. ಅದು ನೈಋತ್ಯ ಮಾನ್ಸೂನಿನ ಮಳೆಗಾಳಿಯ ಕಾಲವೂ ಹೌದು. ಬಾಲಿಯಲ್ಲಿ ಮೋಲಾ ಎಂಬ ದೈತ್ಯ ಮೀನು ಕಾಣುವ ಜುಲೈ-ಅಕ್ಟೋಬರ್ ಹೆಚ್ಚುಕಡಿಮೆ ಒಣ ಹವೆಯ ಕಾಲವೇ ಆದ್ದರಿಂದ ಇಬ್ಬರಿಗೂ ಲಾಭ. ಕೊಝುಮೆಲ್‌ನಲ್ಲಿ ಚಳಿಗಾಲದ ಬಡಗಾಳಿ ಎದ್ದರೆ ಬಂದರನ್ನೇ ಮುಚ್ಚುತ್ತಾರೆ. ಅಟ್ಲಾಂಟಿಕ್ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಎರಡೂ ಕ್ಯಾಲೆಂಡರ್ ಅಕ್ಕಪಕ್ಕ ಇಟ್ಟು ನೋಡಿ.

ಸಂಗಾತಿ ಬೋಟಿನಲ್ಲಿ ಜೊತೆಗೆ ಬರುತ್ತಾರೆಂದರೆ ನೆನಪಿಡಿ: ಓಡುವ ಬೋಟಿಗಿಂತ ನಿಂತ ಬೋಟು ಹೆಚ್ಚು ಹೊಯ್ದಾಡುತ್ತದೆ. ಡೈವರ್ ಕೆಳಗೆ ಆರಾಮಾಗಿರುವಾಗ ಮೇಲಿದ್ದವರಿಗೆ ಹೊಟ್ಟೆ ತೊಳೆಸುತ್ತಿರುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮುಂಚೆಯೇ ತೆಗೆದುಕೊಳ್ಳಬೇಕು, ತೊಳೆಸಲು ಶುರುವಾದ ಮೇಲೆ ಪ್ರಯೋಜನ ಕಡಿಮೆ. ನಿದ್ದೆ ಬರಿಸುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ. ಬೋಟಿನ ನಡುಭಾಗದಲ್ಲಿ ಕೂರಬೇಕು, ದಿಗಂತ ನೋಡಬೇಕು, ಎಂಜಿನ್ ಹೊಗೆಯಿಂದ ದೂರ ಇರಬೇಕು.

ಡೈವ್ ಸೆಂಟರಿಗೆ ಬರೆದು ಕೇಳಬೇಕಾದದ್ದು ಇಷ್ಟು. ಡೈವ್ ಮಾಡದವರು ಬೋಟಿಗೆ ಬರಬಹುದೇ, ಅವರಿಗೆ ಬೇರೆ ದರವಿದೆಯೇ? ನೆರಳು, ಶೌಚಾಲಯ, ನೀರಿನಿಂದ ಹತ್ತಲು ಸರಿಯಾದ ಏಣಿ ಇದೆಯೇ? ಸ್ನಾರ್ಕೆಲ್ ಮಾಡುವವರ ಜೊತೆ ಗೈಡ್ ನೀರಿಗಿಳಿಯುತ್ತಾರೆಯೇ, ಇಲ್ಲ ಬೋಟಿನಿಂದಲೇ ನೋಡುತ್ತಾರೆಯೇ? ಮಧ್ಯಾಹ್ನ ಎಷ್ಟು ಗಂಟೆಗೆ ಖಚಿತವಾಗಿ ವಾಪಸ್? ‘ಅದೆಲ್ಲ ನೋಡ್ಕೊಳ್ತೀವಿ’ ಎಂಬ ಉತ್ತರ ಬಂದರೆ ಬೇರೆ ಸೆಂಟರ್ ಹುಡುಕಿ.

‘ನೀನೂ ಕಲಿತುಬಿಡು’ ಎಂಬ ಒತ್ತಾಯ ಬೇಡ. ಕುತೂಹಲ ಅವರದೇ ಆಗಿದ್ದರೆ ಬೋಧಕರ ಜೊತೆ 12 ಮೀಟರ್‌ವರೆಗಿನ ಪರಿಚಯ ಡೈವ್ ಸಾಕು. ಸಂಗಾತಿಗೆ ಕಲಿಸುವ ಕೆಲಸ ನೀವು ಮಾಡಬೇಡಿ, ಬೋಧಕರಿಗೆ ಬಿಡಿ. ಆರೋಗ್ಯದ ಪ್ರಶ್ನಾವಳಿಯನ್ನು ಮನೆಯಲ್ಲೇ ಓದಿಸಿ. ಅಸ್ತಮಾ, ಹೃದಯದ ತೊಂದರೆಗೆ ‘ಹೌದು’ ಎಂದರೆ ವೈದ್ಯರ ಸಹಿ ಕೇಳುತ್ತಾರೆ, ಅದು ದ್ವೀಪದಲ್ಲಿ ಸಿಗುವುದು ಕಷ್ಟ. ಗರ್ಭಿಣಿಯರು ಡೈವ್ ಮಾಡುವಂತೆಯೇ ಇಲ್ಲ.

ಪೂರ್ತಿ ಡೈವ್ ಸಾಮಾನು ಹದಿನೈದು ಕಿಲೋ ಮೀರಿ ಸಂಗಾತಿಯ ಲಗೇಜ್ ಪಾಲನ್ನೂ ನುಂಗುತ್ತದೆ. ಮಾಸ್ಕ್ ಮತ್ತು ಡೈವ್ ಕಂಪ್ಯೂಟರ್ ಒಯ್ದು ಉಳಿದದ್ದು ಬಾಡಿಗೆಗೆ ಪಡೆಯಿರಿ. ಒದ್ದೆ ವೆಟ್‌ಸೂಟ್ ಸೆಂಟರಿನಲ್ಲೇ ಒಣಗಲಿ, ಸ್ನಾನದ ಮನೆಗೆ ತರಬೇಡಿ. ವಿಮೆ ಮಾಡಿಸುವಾಗ ಡೈವರ್‌ಗೆ ಎಷ್ಟು ಮೀಟರ್ ಆಳದವರೆಗೆ ರಕ್ಷಣೆ ಇದೆ ಎಂಬುದರ ಜೊತೆಗೆ ಇನ್ನೊಂದನ್ನೂ ಓದಿ: ಡಿಕಂಪ್ರೆಶನ್ ಕಾಯಿಲೆಯಾಗಿ ಡೈವರ್ ಕೆಲವು ದಿನ ವಿಮಾನ ಹತ್ತುವಂತಿಲ್ಲ ಎಂದಾದರೆ, ಜೊತೆಯಲ್ಲಿ ಉಳಿಯುವ ಸಂಗಾತಿಯ ಹೋಟೆಲ್ ಮತ್ತು ಹೊಸ ಟಿಕೆಟ್ಟಿನ ಖರ್ಚು ಅದರಲ್ಲಿ ಸೇರಿದೆಯೇ?