240ರ ಸ್ಟಿಕ್ಕರ್: ಆಟೊಬಾನ್‌ನಲ್ಲಿ ಒಂದು ಭಾನುವಾರ

ಸೀಟು ಸರಿಪಡಿಸಿಕೊಂಡು ಸ್ಟಿಯರಿಂಗ್ ಹಿಡಿದಾಗ ಕಣ್ಣಿಗೆ ಮೊದಲು ಬಿದ್ದದ್ದು ಸ್ಪೀಡೋಮೀಟರಿನ ಪಕ್ಕ ಅಂಟಿಸಿದ್ದ ಗುಂಡನೆಯ ಸ್ಟಿಕ್ಕರ್. ಅದರ ಮೇಲೆ 240 ಎಂದಿತ್ತು. ನಾನು ಬಾಡಿಗೆಗೆ ಹಿಡಿದದ್ದು ಪೋರ್ಷೆ 911 ಕರೆರಾ ಸ್ಪೋರ್ಟ್ಸ್ ಕಾರು. ಕಂಪನಿಯ ಲೆಕ್ಕದಲ್ಲಿ ಅದು ಗಂಟೆಗೆ 293 ಕಿ.ಮೀ. ಹೋಗುವ ಗಾಡಿ. ಇಳಿದು ಟೈರು ನೋಡಿದೆ. ಅಳತೆಯ ಕೊನೆಯಲ್ಲಿ ‘ವಿ’ ಅಕ್ಷರ, ಪಕ್ಕದಲ್ಲಿ ಹಿಮದ ಗುರುತು. ಬುಕ್ ಮಾಡುವಾಗ ಬೇಸಿಗೆ ಟೈರು ಎಂದಿದ್ದರು, ಏಪ್ರಿಲ್ ಬಂದರೂ ಚಳಿಗಾಲದ್ದನ್ನು ಬಿಚ್ಚಿರಲಿಲ್ಲ. ಟೈರು ಎಷ್ಟು ವೇಗ ತಾಳುತ್ತದೆಂದು ಆ ಅಕ್ಷರ ಹೇಳುತ್ತದೆ: ‘ವಿ’ ಇದ್ದರೆ 240, ‘ಡಬ್ಲ್ಯು’ ಇದ್ದರೆ 270, ‘ವೈ’ ಇದ್ದರೆ 300ರವರೆಗೆ. ಚಳಿಗಾಲದ ಟೈರಿನ ಮಿತಿ ಕಾರಿನ ಗರಿಷ್ಠ ವೇಗಕ್ಕಿಂತ ಕಡಿಮೆಯಿದ್ದರೆ ಚಾಲಕನಿಗೆ ಕಾಣುವ ಹಾಗೆ ಅದನ್ನು ಬರೆದು ಅಂಟಿಸಬೇಕೆಂದು ಜರ್ಮನಿಯಲ್ಲಿ ನಿಯಮವೇ ಇದೆ.

ಕೌಂಟರಿನವನನ್ನು ಕೇಳಿದರೆ, “ಯಾಕೆ, 240 ಸಾಲದಾ?” ಅಂದ. ಮುಖ ಊದಿಸಿಕೊಂಡೇ ಹೊರಟೆ.

ದಾರಿ ಎ5 ಎಂಬ ಆಟೊಬಾನ್, ಅಂದರೆ ಜರ್ಮನಿಯ ಹೆದ್ದಾರಿ: ಫ್ರಾಂಕ್‌ಫರ್ಟ್‌ನಿಂದ ಡಾರ್ಮ್‌ಸ್ಟಾಟ್, ಕಾರ್ಲ್ಸ್‌ರುಹೆ, ಒಫೆನ್‌ಬುರ್ಗ್ ದಾಟಿ ಫ್ರೈಬುರ್ಗ್, ಸುಮಾರು 270 ಕಿ.ಮೀ. ಭಾನುವಾರವನ್ನೇ ಆರಿಸಿಕೊಂಡಿದ್ದೆ, ಯಾಕೆಂದರೆ ಅಂದು ರಾತ್ರಿ 10ರವರೆಗೆ ದೊಡ್ಡ ಲಾರಿಗಳು ರಸ್ತೆಗಿಳಿಯುವಂತಿಲ್ಲ. ಲಾರಿಗೆ ಮಿತಿ 80. ಒಂದು ಲಾರಿ ಇನ್ನೊಂದನ್ನು ಹಿಂದೆ ಹಾಕಲು ಹೊರಟರೆ ಪಕ್ಕದ ಲೇನಿನ ಕಾರುಗಳೆಲ್ಲ ಜೋರಾಗಿ ಹೋಗುವವರ ಎಡ ತುದಿಯ ಲೇನಿಗೇ ಬಂದು ಬೀಳುತ್ತವೆ.

ಹೊರಡುವ ಮುಂಚೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಿದೆ. ಹಿಂದಿನ ಎಡ ಟೈರಿನಲ್ಲಿ ಕಡಿಮೆಯಿತ್ತು. ಊರೊಳಗೆ ಓಡಾಡುವಾಗ ಗೊತ್ತೂ ಆಗದಷ್ಟು, ಆದರೆ ಗಾಳಿ ಕಡಿಮೆಯಾದ ಟೈರು 200ರಲ್ಲಿ ಸುತ್ತು ಸುತ್ತಿಗೂ ಬಳುಕಿ ಒಳಗಿನಿಂದ ಕಾಯುತ್ತದೆ. ತುಂಬಿಸಿಕೊಂಡೆ. ನೀರಿನ ಬಾಟಲಿಯನ್ನು ಪಕ್ಕದ ಸೀಟಿನಿಂದ ಎತ್ತಿ ಬ್ಯಾಗಿಗೆ ಹಾಕಿ ಜಿಪ್ ಎಳೆದೆ. ಅದು ಉರುಳಿ ಬ್ರೇಕ್ ಪೆಡಲಿನ ಅಡಿ ಸೇರಿಕೊಂಡರೆ ಮುಗಿಯಿತು.

ಫ್ರಾಂಕ್‌ಫರ್ಟ್–ಡಾರ್ಮ್‌ಸ್ಟಾಟ್ ತುಂಡು 1935ರಲ್ಲಿ ತೆರೆದದ್ದು. 1938ರ ಜನವರಿ 28ರ ಬೆಳಗ್ಗೆ ಇದೇ ರಸ್ತೆಯಲ್ಲಿ ರೇಸ್ ಚಾಲಕ ರುಡಾಲ್ಫ್ ಕರಾಚಿಯೋಲ ಮರ್ಸಿಡಿಸ್‌ನಲ್ಲಿ ಗಂಟೆಗೆ 432.7 ಕಿ.ಮೀ. ವೇಗದ ದಾಖಲೆ ಮಾಡಿದ. ಅದನ್ನು ಮುರಿಯಲು ಅದೇ ದಿನ ಆಟೊ ಯೂನಿಯನ್ ಕಾರಿನಲ್ಲಿ ಹೊರಟ ಬೆರ್ಂಡ್ ರೋಸ್‌ಮೈಯರ್ ಅಡ್ಡಗಾಳಿಗೆ ಸಿಕ್ಕಿ ಸತ್ತ. ರಸ್ತೆಬದಿಯ ಮರಗಳ ನಡುವೆ ಅವನ ನೆನಪಿನ ಕಲ್ಲಿದೆ. ಈಗ ಅಲ್ಲಿ ನಾಲ್ಕು ಲೇನು, ತಲೆಯ ಮೇಲೆ ದೀಪದ ಫಲಕ. ಎಲ್ಲರ ಜೊತೆ ನಾನೂ 120ರಲ್ಲಿ ಹೋದೆ.

ಆಟೊಬಾನ್ ಅಂದರೆ ವೇಗಕ್ಕೆ ಮಿತಿಯಿಲ್ಲದ ರಸ್ತೆ ಅಂದುಕೊಂಡು ಬರುವವರಿಗೆ ಮೊದಲ ನಿರಾಸೆ ಇದೇ. ಒಂದಷ್ಟು ದೂರ 120, ಆಮೇಲೆ 100, ಆಮೇಲೆ ಕಾಮಗಾರಿ ಅಂತ 80. ಕಾಮಗಾರಿ ನಡೆಯುವಲ್ಲಿ ಎಡ ಲೇನನ್ನು ಕಿರಿದು ಮಾಡಿ ‘2.1 ಮೀ’ ಎಂದು ಫಲಕ ಹಾಕಿದ್ದರು. ಕನ್ನಡಿ ಸೇರಿಸಿದರೆ ಈ ಕಾರಿನ ಅಗಲ 2 ಮೀಟರಿಗೆ ಸ್ವಲ್ಪ ಮೇಲೆ. ನಿಯಮದ ಪ್ರಕಾರ ಹೋಗಬಹುದಿತ್ತು, ನಾನೇ ಹೋಗಲಿಲ್ಲ. ಕನ್ನಡಿಗೂ ತಡೆಗೋಡೆಗೂ ನಡುವೆ ಅಂಗೈಯಗಲ ಜಾಗವಿಟ್ಟುಕೊಂಡು ಹೋಗುವ ಉಮೇದು ನನಗಿಲ್ಲ.

ಬಾಡೆನ್-ಬಾಡೆನ್ ದಾಟಿದ ಮೇಲೆ ಬಿಳಿ ವೃತ್ತದಲ್ಲಿ ಓರೆಯಾಗಿ ಕಪ್ಪು ಗೆರೆ ಎಳೆದ ಫಲಕ ಬಂತು. ಮಿತಿ ಮುಗಿಯಿತು ಅಂತ ಅರ್ಥ. ಮೂರು ಲೇನು, ಎಡಗಡೆ ದೂರದಲ್ಲಿ ಕಪ್ಪು ಕಾಡಿನ ಬೆಟ್ಟಸಾಲು, ರಸ್ತೆ ಒಣಗಿತ್ತು. ಹಿಂದೆ ಯಾರೂ ಇಲ್ಲವೆಂದು ಎರಡು ಸಲ ನೋಡಿ ಪೆಡಲ್ ಒತ್ತಿದೆ. 160ರಿಂದ 200 ಯಾವಾಗ ಆಯಿತೋ ತಿಳಿಯಲಿಲ್ಲ. ಅಲ್ಲಿಂದಾಚೆ ಕಾರು ಕೆಲಸ ಮಾಡುತ್ತಿರುವುದು ಗೊತ್ತಾಗುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ ಘನದಂತೆ. 130ಕ್ಕೆ ಬೇಕಾದದ್ದರ ಮೂರೂವರೆ ಪಟ್ಟು 200ಕ್ಕೆ ಬೇಕು. ಬೆನ್ನ ಹಿಂದಿರುವ ಎಂಜಿನ್ನಿನ ಆರು ಸಿಲಿಂಡರುಗಳ ಸದ್ದು ಕೇಳಬೇಕೆಂದು ದುಡ್ಡು ಕೊಟ್ಟಿದ್ದೆ. ಕೇಳಿದ್ದು ಮಾತ್ರ ಬರೀ ಗಾಳಿಯ ಬೊಬ್ಬೆ.

231 ಕಂಡೆ. ಹತ್ತು ಸೆಕೆಂಡು ಇದ್ದಿರಬಹುದು. ಆಗಲೇ ಸೇತುವೆಯೊಂದರ ಮರೆ ತಪ್ಪಿದೊಡನೆ ಬಲದಿಂದ ಗಾಳಿ ತಳ್ಳಿತು, ಮೂತಿ ಒಂದು ಗೇಣು ಎಡಕ್ಕೆ ಜರುಗಿತು. ರೋಸ್‌ಮೈಯರ್ ನೆನಪಾದ. ಇಲ್ಲಿ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ತಿರುಗಿಸಲು ಹೋಗಬಾರದು. ಹಗುರವಾಗಿ ಹಿಡಿದುಕೊಂಡು ಕಾಲು ಸಡಿಲಿಸಿದರೆ ಸಾಕು, ಗಾಡಿ ತಾನೇ ನೆಟ್ಟಗಾಗುತ್ತದೆ.

ನಿಜವಾಗಿ ಎದೆ ಧಸಕ್ಕೆಂದದ್ದು ಅದಾದ ಮೇಲೆ. ನಾನು 210ರಲ್ಲಿ ಎಡ ಲೇನಿನಲ್ಲಿದ್ದೆ. ಮುಂದೆ ಮಧ್ಯದ ಲೇನಿನಲ್ಲಿ ಒಂದು ಬೆಳ್ಳಿ ಬಣ್ಣದ ಎಸ್ಟೇಟ್ ಕಾರು, ಅದರ ಮುಂದೆ ಕ್ಯಾರವಾನ್ (ಚಕ್ರದ ಮೇಲಿನ ಪುಟ್ಟ ಮನೆ) ಎಳೆಯುತ್ತಿದ್ದ ಗಾಡಿ. ಇಬ್ಬರ ನಡುವಿನ ಅಂತರ ಕಿರಿದಾಗುತ್ತಿತ್ತು. ಇಂಡಿಕೇಟರ್ ಇನ್ನೂ ಹಾಕಿರಲಿಲ್ಲ, ಆದರೆ ಎಸ್ಟೇಟಿನ ಹಿಂದಿನ ಎಡ ಚಕ್ರ ಬಿಳಿ ಗೆರೆಯ ಕಡೆ ವಾಲಿತು. ಆ ಕ್ಷಣವೇ ಕಾಲೆತ್ತಿದೆ. ಆಮೇಲೆ ಇಂಡಿಕೇಟರ್ ಒಮ್ಮೆ ಮಿಣುಕಿತು, ಕಾರು ನನ್ನ ಮುಂದಿತ್ತು. ಅದು 120ರಲ್ಲಿತ್ತು ಅಂದುಕೊಂಡರೆ ಸೆಕೆಂಡಿಗೆ 25 ಮೀಟರಿನಂತೆ ನಾನು ಅದರ ಮೇಲೆ ಏರಿಹೋಗುತ್ತಿದ್ದೆ. 200ರಲ್ಲಿ ಪೂರ್ತಿ ನಿಲ್ಲಬೇಕಾದರೆ ಎಚ್ಚೆತ್ತುಕೊಳ್ಳುವ ಒಂದು ಸೆಕೆಂಡಿಗೇ 55 ಮೀಟರ್ ಹೋಗುತ್ತದೆ, ಬ್ರೇಕಿಗೆ ಇನ್ನೂ 150ಕ್ಕೂ ಹೆಚ್ಚು. ಚಕ್ರ ವಾಲಿದ್ದನ್ನು ಕಾಣದೆ ಇಂಡಿಕೇಟರಿಗೆ ಕಾದಿದ್ದರೆ ಏನಾಗುತ್ತಿತ್ತೋ!

ಅವರ ತಪ್ಪೆಂದು ನಾನು ಹೇಳುವುದಿಲ್ಲ. ಕನ್ನಡಿಯಲ್ಲಿ ನಾನು ಅವರಿಗೆ ಚುಕ್ಕೆಯಷ್ಟು ಕಂಡಿರಬೇಕು. ಇಲ್ಲಿ 130 ಸಲಹಾ ವೇಗ, ಮೀರಿದರೆ ದಂಡವಿಲ್ಲ. ಆದರೆ ಅದನ್ನು ಮೀರಿ ಓಡಿಸುವವನು ಅಪಘಾತದಲ್ಲಿ ತನ್ನ ತಪ್ಪಿಲ್ಲದಿದ್ದರೂ ನಷ್ಟದಲ್ಲಿ ಪಾಲು ಹೊರಬೇಕಾಗಬಹುದೆಂದು ಜರ್ಮನಿಯ ಫೆಡರಲ್ ಕೋರ್ಟು 1992ರಲ್ಲೇ ಹೇಳಿದೆ. ಅಂತರಕ್ಕೂ ಲೆಕ್ಕವಿದೆ: ಸ್ಪೀಡೋಮೀಟರಿನ ಅರ್ಧದಷ್ಟು ಮೀಟರ್. 200ರಲ್ಲಿ 100 ಮೀಟರ್, ಅಂದರೆ 50 ಮೀಟರಿಗೊಂದರಂತೆ ನೆಟ್ಟ ರಸ್ತೆಬದಿಯ ಬಿಳಿ ಕಂಬಗಳಲ್ಲಿ ಎರಡರ ದೂರ. ಆಮೇಲೆ ಕಂಬ ಎಣಿಸಿಕೊಂಡೇ ಹೋದೆ.

ಹೀಗೆ ಜಾಗರೂಕತೆಯ ಮೂರ್ತಿಯಾಗಿ 180ರಲ್ಲಿ ಹೋಗುತ್ತಿದ್ದಾಗ ಹಿಂದೆ ದೀಪ ಕಂಡಿತು. ಬಲಕ್ಕೆ ಸರಿದು ಜಾಗ ಬಿಟ್ಟೆ. ಹಿಂದೆ ನಾಯಿಗೆಂದು ಬಲೆ ಕಟ್ಟಿದ್ದ ಒಂದು ಆಡಿ ಎಸ್ಟೇಟ್ ಸುಯ್ಯೆಂದು ಹೋಯಿತು. ನಾಯಿ ನನ್ನನ್ನೇ ನೋಡುತ್ತಿತ್ತು.

ಒಫೆನ್‌ಬುರ್ಗ್ ಆದ ಮೇಲೆ ಎರಡೇ ಲೇನು, ಆಟ ಮುಗಿಯಿತು. ಆ ಜೋರಿನ 40 ಕಿ.ಮೀ.ಗಳಲ್ಲಿ ನೂರು ಕಿಲೋಮೀಟರಿಗೆ 21 ಲೀಟರಿನಂತೆ ಕುಡಿದಿದೆ ಎಂದು ಪರದೆ ತೋರಿಸಿತು. ಪೆಟ್ರೋಲ್ ಮುಗಿದು ಆಟೊಬಾನ್‌ನಲ್ಲಿ ನಿಂತರೆ ಅದಕ್ಕೂ ದಂಡವಿದೆ. ಅರ್ಧ ಟ್ಯಾಂಕಿಗೇ ಹೊರಗಿಳಿದು ಊರ ಬಂಕಿನಲ್ಲಿ ಹಾಕಿಸಿಕೊಂಡೆ, ಹೆದ್ದಾರಿಯ ಬಂಕುಗಳಲ್ಲಿ ಬೆಲೆ ಜಾಸ್ತಿ.

ಫ್ರೈಬುರ್ಗ್ ತಲುಪಿದಾಗ ಸರಾಸರಿ 112 ಎಂದು ತೋರಿಸುತ್ತಿತ್ತು, ಎರಡು ಗಂಟೆ 25 ನಿಮಿಷ. ನನ್ನ ಹಳೆಯ ಪುಟ್ಟ ಕಾರಿನಲ್ಲಿ ಇದೇ ದಾರಿಗೆ ಎರಡು ಗಂಟೆ 40 ನಿಮಿಷ ಹಿಡಿದಿತ್ತು. ಇಳಿದಾಗ ಕತ್ತು ಮರಗಟ್ಟಿತ್ತು. ವಾಪಸ್ ಬರುವಾಗ 140 ಮೀರಲಿಲ್ಲ. ಎಂಜಿನ್ನಿನ ಸದ್ದು ಚೆನ್ನಾಗಿ ಕೇಳಿದ್ದು ಆಗಲೇ.

ಕೀ ವಾಪಸ್ ಕೊಡುವಾಗ ಕೌಂಟರಿನಲ್ಲಿ ಬೇರೆ ಯಾರೋ ಇದ್ದರು. ಟೈರಿನ ವಿಷಯ ಎತ್ತಲಿಲ್ಲ. ಮುಂದಿನ ಸಲ ಬುಕ್ ಮಾಡುವ ಮೊದಲೇ ಟೈರಿನ ಫೋಟೊ ಕಳಿಸಿ ಅನ್ನುತ್ತೇನೆ.